ಒಂದೇ ಬೊಡ್ಡೆಯ ಕೊಂಬೆಗಳು: ಗಿನಿ-ಬಿಸಾವ್ ರಾಷ್ಟ್ರಗೀತೆಯ ಕಥೆ

1975ರಿಂದ 1996ರವರೆಗೆ, ಇಪ್ಪತ್ತೊಂದು ವರ್ಷ, ಎರಡು ಸ್ವತಂತ್ರ ದೇಶಗಳು ಒಂದೇ ರಾಷ್ಟ್ರಗೀತೆ ಹಾಡಿದವು. ರಾಗವೂ ಅದೇ, ಮಾತೂ ಅದೇ. ಒಂದು, ಪಶ್ಚಿಮ ಆಫ್ರಿಕಾದ ಕರಾವಳಿಯ ಪುಟ್ಟ ದೇಶ ಗಿನಿ-ಬಿಸಾವ್. ಇನ್ನೊಂದು, ಅಲ್ಲಿಂದ ಎಂಟುನೂರು ಕಿಲೋಮೀಟರಿಗೂ ಆಚೆ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಕೇಪ್ ವರ್ಡ್ ದ್ವೀಪಗಳು. ಒಬ್ಬನೇ ಕವಿಯ ಎರಡು ಹಾಡುಗಳು ಎರಡು ದೇಶಗಳ ರಾಷ್ಟ್ರಗೀತೆಯಾದದ್ದನ್ನು ಟ್ಯಾಗೋರರಿಂದಾಗಿ ನಾವು ಬಲ್ಲೆವು. ಇಲ್ಲಿ ಹಾಡೇ ಒಂದು. ಅದನ್ನು ಬರೆದಾತ ವೃತ್ತಿಯಿಂದ ಕೃಷಿ ತಜ್ಞ. ಆ ಹಾಡು ಅಧಿಕೃತ ರಾಷ್ಟ್ರಗೀತೆಯಾಗುವ ಮೊದಲೇ ಆತ ಕೊಲೆಯಾಗಿದ್ದ.

ಈ ಹಾಡು ಎರಡು ದೇಶಗಳಿಗೂ ಹೇಗೆ ಹೊಂದಿಕೊಂಡಿತು, ಆಮೇಲೆ ಯಾಕೆ ಒಂದರಲ್ಲೇ ಉಳಿಯಿತು ಎಂದು ಹುಡುಕುತ್ತ ಹೋದರೆ ಗಿನಿ-ಬಿಸಾವ್‌ನ ಚರಿತ್ರೆಯ ಮುಖ್ಯ ಭಾಗವೆಲ್ಲ ಕೈಗೆ ಸಿಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಗಿನಿ ಎಂಬ ಹೆಸರಿನ ದೇಶಗಳು ಹಲವು. ಕೊನಾಕ್ರಿ ರಾಜಧಾನಿಯಾಗಿರುವ ಗಿನಿ ಫ್ರೆಂಚರ ವಸಾಹತಾಗಿತ್ತು. ಈಕ್ವಟೋರಿಯಲ್ ಗಿನಿ ಸ್ಪೇನಿನದು. ಪಾಪುವಾ ನ್ಯೂಗಿನಿಯಂತೂ ಆಫ್ರಿಕಾದಲ್ಲೇ ಇಲ್ಲ. ನಾವು ಮಾತಾಡುತ್ತಿರುವುದು ಪೋರ್ಚುಗೀಸರ ಕೈಯಲ್ಲಿದ್ದ ಗಿನಿಯ ಬಗ್ಗೆ. ಪಕ್ಕದ ಗಿನಿಯಿಂದ ಬೇರೆಯಾಗಿ ಗುರುತಿಸಲು ರಾಜಧಾನಿಯ ಹೆಸರನ್ನೇ ಜೊತೆಗೆ ಸೇರಿಸಿಕೊಂಡ ದೇಶ ಇದು. ಉತ್ತರಕ್ಕೆ ಸೆನೆಗಲ್, ಪೂರ್ವ ಮತ್ತು ದಕ್ಷಿಣಕ್ಕೆ ಗಿನಿ, ಪಶ್ಚಿಮಕ್ಕೆ ಕಡಲು. ವಿಸ್ತೀರ್ಣ 36,125 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ ಎರಡು ದಶಲಕ್ಷದ ಆಸುಪಾಸು. ಬಲಾಂಟ, ಫುಲ, ಮಂಡಿಂಕ, ಮಂಜಾಕ, ಪಪೆಲ್ ಎಂದು ಇಪ್ಪತ್ತಕ್ಕೂ ಹೆಚ್ಚು ಜನಸಮುದಾಯಗಳು, ಒಬ್ಬೊಬ್ಬರಿಗೆ ಒಂದೊಂದು ಭಾಷೆ. ಸಮುದ್ರ ಇಲ್ಲಿ ನೆಲದ ಒಳಗೆ ಬಹುದೂರ ನುಗ್ಗಿ ಬರುತ್ತದೆ. ಭರತ ಇಳಿತಕ್ಕೆ ತುಂಬಿ ಬತ್ತುವ ಅಳಿವೆಗಳು, ಕಾಂಡ್ಲಾ ಕಾಡುಗಳು, ತೀರದಿಂದ ಆಚೆಗೆ ಎಂಬತ್ತಕ್ಕೂ ಹೆಚ್ಚು ದ್ವೀಪಗಳ ಬಿಜಾಗೋಸ್ ಸಮೂಹ.

ಇನ್ನು ಹಾಡು. ಪೋರ್ಚುಗೀಸಿನಲ್ಲಿ ಅದರ ಹೆಸರು ‘ಎಸ್ತ ಎ ಅ ನೊಸ್ಸ ಪಾತ್ರಿಯ ಬೆಂ ಅಮಾದ’. ‘ಇದು ನಮ್ಮ ಅಕ್ಕರೆಯ ತಾಯ್ನಾಡು’ ಎಂದು ಅರ್ಥ. ಮೊದಲ ನುಡಿಯನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ:

ಬಿಸಿಲು, ಬೆವರು, ಹಸಿರು, ಕಡಲು,
ಶತಮಾನಗಳ ನೋವು, ಭರವಸೆ:
ಇದು ನಮ್ಮ ಅಜ್ಜ ಅಜ್ಜಿಯರ ನೆಲ!
ನಮ್ಮ ಕೈಗಳ ಫಲ,
ನಮ್ಮ ನೆತ್ತರ ಹೂವಿನ ಫಲ:
ಇದು ನಮ್ಮ ಒಲವಿನ ನಾಡು.

ಮೊದಲ ಸಾಲಿನಲ್ಲಿ ಕ್ರಿಯಾಪದವೇ ಇಲ್ಲ. ಬಿಸಿಲಿನ ಬೆನ್ನಿಗೇ ಬೆವರು. ರಾಷ್ಟ್ರಗೀತೆಗಳು ಸಾಮಾನ್ಯವಾಗಿ ಬೆಟ್ಟ, ಹೊಳೆ, ಕತ್ತಿ, ಕಿರೀಟಗಳಿಂದ ಶುರುವಾಗುತ್ತವೆ. ಇದು ಗದ್ದೆಯಲ್ಲಿ ಬಗ್ಗಿ ನಿಂತವನ ಮೈಯಿಂದ ಶುರುವಾಗುತ್ತದೆ. ಪಲ್ಲವಿಯಲ್ಲಿ ಹೋರಾಟದ ಬಾವುಟ ಆಕಾಶದಲ್ಲಿ ಹಾರುವುದಿಲ್ಲ, ‘ಅರಳುತ್ತದೆ’. ಪರಕೀಯರ ‘ನೊಗ’ದ ವಿರುದ್ಧ ಮುಂದೆ ಸಾಗಿ ಎಂಬ ಕರೆ ಬರುತ್ತದೆ. ಮೂಲದ ‘ಜುಗು’ ಎಂಬ ಪದಕ್ಕೂ ಎತ್ತಿನ ಹೆಗಲ ಮೇಲಿನ ನೊಗವೆಂದೇ ಅರ್ಥ, ಹಾಗಾಗಿ ಕನ್ನಡದಲ್ಲಿ ಹೇಳಲು ಪರದಾಡಬೇಕಿಲ್ಲ. ಎರಡನೇ ನುಡಿ ಹೀಗಿದೆ:

ಒಂದೇ ಬೊಡ್ಡೆಯ ಕೊಂಬೆಗಳು,
ಒಂದೇ ಬೆಳಕಿನತ್ತ ನೆಟ್ಟ ಕಣ್ಣುಗಳು:
ಇದು ನಮ್ಮ ಒಗ್ಗಟ್ಟಿನ ಬಲ!
ಹಾಡಲಿ ಕಡಲು, ಹಾಡಲಿ ನೆಲ,
ಹಾಡಲಿ ಮುಂಜಾವು, ಹಾಡಲಿ ಸೂರ್ಯ,
ನಮ್ಮ ಹೋರಾಟವೇ ಫಲವಂತ ಮಾಡಿತು ಇವನ್ನೆಲ್ಲ.

ಫಲ, ಹೂವು, ಅರಳುವುದು, ಬೊಡ್ಡೆ, ಕೊಂಬೆ, ಫಲವಂತಿಕೆ. ಇಷ್ಟು ಚಿಕ್ಕ ಹಾಡಿನಲ್ಲಿ ಬೇಸಾಯದ ಮಾತು ಇಷ್ಟೊಂದು. ಇನ್ನೊಂದು ಸಂಗತಿ ಮೊದಲ ಓದಿಗೆ ಕಣ್ತಪ್ಪಿ ಹೋಗುತ್ತದೆ: ಇಡೀ ಹಾಡಿನಲ್ಲಿ ದೇಶದ ಹೆಸರಿಲ್ಲ. ಗಿನಿ ಎಂಬ ಪದ ಇಲ್ಲ. ಒಂದು ನದಿಯ, ಊರಿನ, ಕುಲದ, ದೇವರ ಹೆಸರಿಲ್ಲ. ನಮ್ಮ ‘ಜನ ಗಣ ಮನ’ ಪಂಜಾಬು, ಸಿಂಧು, ವಿಂಧ್ಯ, ಯಮುನೆ ಎಂದು ಹೆಸರು ಹಿಡಿದು ಕರೆದು ನಾಡನ್ನು ಕಟ್ಟುತ್ತದೆ. ಇಲ್ಲಿ ಹೆಸರು ಬಿಟ್ಟೇ ನಾಡು ಕಟ್ಟಲಾಗಿದೆ. ಒಂದೇ ಹಾಡು ಎರಡು ನಾಡುಗಳ ಬಾಯಲ್ಲಿ ನಿಂತದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ. ಬಿಸಿಲು, ಬೆವರು, ಕಡಲು ಎರಡೂ ಕಡೆ ಇವೆ. ಬೊಡ್ಡೆ ಒಂದು, ಕೊಂಬೆ ಬೇರೆ ಬೇರೆ.

ಬರೆದವನ ಹೆಸರು ಅಮಿಲ್ಕಾರ್ ಕಬ್ರಾಲ್. 1924ರ ಸೆಪ್ಟೆಂಬರ್ 12ರಂದು ಗಿನಿಯ ಬಫಾತಾ ಪಟ್ಟಣದಲ್ಲಿ ಹುಟ್ಟಿದ. ತಂದೆ ತಾಯಿ ಕೇಪ್ ವರ್ಡ್ ಮೂಲದವರು. ಓದಿ ಬೆಳೆದದ್ದು ಆ ದ್ವೀಪಗಳಲ್ಲಿ. ಅವನ ಬದುಕೇ ಒಂದು ಬೊಡ್ಡೆಯ ಎರಡು ಕೊಂಬೆ. 1940ರ ದಶಕದಲ್ಲಿ ಮಳೆ ಕೈಕೊಟ್ಟು ಕೇಪ್ ವರ್ಡ್‌ನಲ್ಲಿ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಆಳುತ್ತಿದ್ದ ಪೋರ್ಚುಗಲ್ ನೋಡುತ್ತ ಕುಳಿತಿತ್ತು. ಆ ಬರವನ್ನು ಹದಿಹರೆಯದಲ್ಲಿ ಕಣ್ಣಾರೆ ಕಂಡ ಹುಡುಗ ಕವಿತೆ ಬರೆಯುತ್ತಿದ್ದ. ವಿದ್ಯಾರ್ಥಿ ವೇತನ ಸಿಕ್ಕಿ ಲಿಸ್ಬನ್‌ಗೆ ಹೋದಾಗ ಅವನು ಆರಿಸಿಕೊಂಡದ್ದು ಕೃಷಿ ವಿಜ್ಞಾನ.

1952ರಲ್ಲಿ ಸರ್ಕಾರಿ ಕೃಷಿ ಅಧಿಕಾರಿಯಾಗಿ ಗಿನಿಗೆ ಮರಳಿದ. ಮರುವರ್ಷ ಇಡೀ ವಸಾಹತಿನ ಮೊದಲ ಕೃಷಿ ಗಣತಿಯ ಹೊಣೆ ಅವನ ಹೆಗಲಿಗೆ ಬಿತ್ತು. ಯಾವ ಹಳ್ಳಿಯಲ್ಲಿ ಯಾವ ಬೆಳೆ, ಎಷ್ಟು ನೆಲ, ಯಾರು ದುಡಿಯುತ್ತಾರೆ, ಎಷ್ಟು ತೆರಿಗೆಗೆ ಹೋಗುತ್ತದೆ ಎಂದು ಕೇಳುತ್ತ ಹಳ್ಳಿಗಳನ್ನು ಸುತ್ತಿದ. ಪೋರ್ಚುಗೀಸರು ಅಂಕಿ ಬೇಕೆಂದು ಕಳಿಸಿದರು. ಅವನು ಅಂಕಿಯನ್ನೂ ಕೊಟ್ಟ, ಜೊತೆಗೆ ದೇಶದ ನೆಲವನ್ನೂ ಜನರನ್ನೂ ಅಂಗೈ ಗೆರೆಯಂತೆ ಕಲಿತುಕೊಂಡ. ರಫ್ತಿಗೆಂದು ಜನರ ಮೇಲೆ ಹೇರಿದ್ದ ಕಡಲೆಕಾಯಿ ಬೆಳೆ ಮಣ್ಣನ್ನು ಹೇಗೆ ಹಾಳು ಮಾಡುತ್ತಿದೆ ಎಂಬುದನ್ನೂ ಬರೆದಿಟ್ಟ. ಹತ್ತು ವರ್ಷದ ಬಳಿಕ ಇದೇ ತಿಳಿವಳಿಕೆ ಗೆರಿಲ್ಲಾ ಯುದ್ಧಕ್ಕೆ ಒದಗಿತು. ಯಾವ ಸಮುದಾಯದಲ್ಲಿ ಮುಖ್ಯಸ್ಥರಿದ್ದಾರೆ, ಯಾವುದರಲ್ಲಿ ಇಲ್ಲ, ಯಾರು ತೆರಿಗೆಯಿಂದ ನಲುಗಿದ್ದಾರೆ, ಯಾವ ಹಳ್ಳಿಯ ಅಕ್ಕಿ ಎಷ್ಟು ದಿನಕ್ಕೆ ಸಾಕು ಎಂಬುದೆಲ್ಲ ಅವನಿಗೆ ಗೊತ್ತಿತ್ತು.

ಅಲ್ಲಿಯ ಭತ್ತದ ಬೇಸಾಯದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಹಾಡಿನ ‘ಬೆವರು’ ಮತ್ತು ‘ಕಡಲು’ ಅಕ್ಕಪಕ್ಕ ಯಾಕೆ ಕುಳಿತಿವೆ ಎಂದು ಆಗ ಗೊತ್ತಾಗುತ್ತದೆ. ಬಲಾಂಟ ಜನ ಭತ್ತ ಬೆಳೆಯುವುದು ಉಪ್ಪು ನೀರು ನುಗ್ಗುವ ಕಾಂಡ್ಲಾ ಜೌಗಿನಲ್ಲಿ. ಈ ಗದ್ದೆಗಳಿಗೆ ‘ಬೊಲಾನ್ಯ’ ಎನ್ನುತ್ತಾರೆ. ಕಾಂಡ್ಲಾ ಕಡಿದು, ಕೆಸರನ್ನೇ ಎತ್ತಿ ಎತ್ತಿ ಒಡ್ಡು ಕಟ್ಟಿ, ಕಡಲನ್ನು ಹೊರಗೆ ನಿಲ್ಲಿಸುತ್ತಾರೆ. ಒಡ್ಡಿನ ಬುಡದಲ್ಲಿ ಟೊಳ್ಳು ಮಾಡಿದ ಮರದ ಕಾಂಡವೇ ತೂಬು. ಒಂದಷ್ಟು ಮಳೆಗಾಲ ಸಿಹಿ ನೀರು ನಿಂತು, ಉಪ್ಪು ತೊಳೆದು ಹೋದ ಮೇಲೆ ಸಸಿ ನೆಡುತ್ತಾರೆ. ಆಳುದ್ದಕ್ಕಿಂತ ಉದ್ದನೆಯ ಮರದ ಸನಿಕೆ, ತುದಿಗೆ ಕಬ್ಬಿಣದ ಅಲಗು. ಅದನ್ನು ಮೊಣಕಾಲಿನ ಒತ್ತಾಸೆಯಿಂದ ಕೆಸರಿಗೆ ತೂರಿ ಹೆಂಟೆ ಮಗುಚುವ ಕೆಲಸ ಮೈ ಮುರಿಯುವಂಥದ್ದು. ಕುಮಟೆಯ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳನ್ನು, ಅಲ್ಲಿ ಉಪ್ಪು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವನ್ನು ನೋಡಿದವರಿಗೆ ಬೊಲಾನ್ಯ ಹೊಸದೆನಿಸದು. ಎರಡೂ ಕಡೆ ಒಡ್ಡು ಒಡೆದರೆ ಆ ವರ್ಷದ ಅನ್ನ ಹೋಯಿತು.

ಹಾಡಿನ ‘ಶತಮಾನಗಳ ನೋವು’ ಎಂಬ ಮಾತೂ ಅಲಂಕಾರಕ್ಕೆ ಬಂದದ್ದಲ್ಲ. 1440ರ ದಶಕದಲ್ಲೇ ಪೋರ್ಚುಗೀಸ್ ಹಡಗುಗಳು ಈ ತೀರಕ್ಕೆ ಬಂದವು. 1588ರಲ್ಲಿ ಕಶೇವು ಎಂಬಲ್ಲಿ ಅವರ ಕೋಟೆಕಟ್ಟಿದ ವ್ಯಾಪಾರದ ನೆಲೆ ಎದ್ದಿತು. ಆ ವ್ಯಾಪಾರದ ಮುಖ್ಯ ಸರಕು ಮನುಷ್ಯರು. ಅಳಿವೆಗಳ ಮೂಲಕ ಹೊರಟ ದೋಣಿಗಳು ಜನರನ್ನು ಕೇಪ್ ವರ್ಡ್ ದ್ವೀಪಗಳಿಗೂ ಅಮೆರಿಕದ ತೀರಗಳಿಗೂ ಸಾಗಿಸಿದವು. ಮೊದಲು ನಿರ್ಜನವಾಗಿದ್ದ ಕೇಪ್ ವರ್ಡ್‌ನ ಜನ ಬಹುಪಾಲು ಹೀಗೆ ಗುಲಾಮರಾಗಿ ಹೋದವರ ಮತ್ತು ಪೋರ್ಚುಗೀಸರ ಸಂತತಿ. ‘ಒಂದೇ ಬೊಡ್ಡೆ’ ಎಂದು ಕಬ್ರಾಲ್ ಬರೆದದ್ದು ಈ ರಕ್ತಸಂಬಂಧವನ್ನೇ. ಒಳನಾಡು ಮಾತ್ರ ಬಹಳ ಕಾಲ ಪೋರ್ಚುಗೀಸರಿಗೆ ಬಗ್ಗಲಿಲ್ಲ. ಊರು ಸುಟ್ಟು, ತೆರಿಗೆ ಹೇರಿ ಅದನ್ನು ಹಿಡಿತಕ್ಕೆ ತಂದದ್ದು ಇಪ್ಪತ್ತನೇ ಶತಮಾನದ ದಂಡಯಾತ್ರೆಗಳಲ್ಲಿ.

ಕಬ್ರಾಲ್ ಮತ್ತು ಗೆಳೆಯರು 1956ರ ಸೆಪ್ಟೆಂಬರ್‌ನಲ್ಲಿ ಬಿಸಾವ್‌ನಲ್ಲಿ ಗುಟ್ಟಾಗಿ ಪಕ್ಷ ಕಟ್ಟಿದರು. ಮುಂದೆ ಅದು ಪಿಎಐಜಿಸಿ ಎಂದು ಹೆಸರಾಯಿತು: ಗಿನಿ ಮತ್ತು ಕೇಪ್ ವರ್ಡ್ ಸ್ವಾತಂತ್ರ್ಯದ ಆಫ್ರಿಕನ್ ಪಕ್ಷ. ಎರಡು ನಾಡು, ಒಂದು ಪಕ್ಷ. ಮೊದಲ ವರ್ಷಗಳಲ್ಲಿ ಅವರ ಆಸೆ ಇದ್ದದ್ದು ಪಟ್ಟಣದ ಕೂಲಿಕಾರರ ಮುಷ್ಕರಗಳ ಮೇಲೆ. 1959ರ ಆಗಸ್ಟ್ 3ರಂದು ಬಿಸಾವ್‌ನ ಪಿಜಿಗಿಟಿ ಧಕ್ಕೆಯಲ್ಲಿ ಹಡಗು ಕೂಲಿಗಳು ಹೆಚ್ಚಿನ ಸಂಬಳಕ್ಕಾಗಿ ಕೆಲಸ ನಿಲ್ಲಿಸಿದಾಗ ಪೊಲೀಸರು ಗುಂಡು ಹಾರಿಸಿದರು. ಸುಮಾರು 50 ಜನ ಸತ್ತರು. ಈಗ ಆ ಧಕ್ಕೆಯ ಬಳಿ ದೊಡ್ಡ ಕಪ್ಪು ಮುಷ್ಟಿಯ ಆಕಾರದ ಸ್ಮಾರಕವಿದೆ. ಮನವಿ, ಮುಷ್ಕರಗಳಿಗೆ ಲಿಸ್ಬನ್‌ನ ಸರ್ವಾಧಿಕಾರಿ ಸಲಜಾರನ ಸರ್ಕಾರ ಬಗ್ಗದು ಎಂದು ಅಂದು ಪಕ್ಷಕ್ಕೆ ಖಚಿತವಾಯಿತು. ಸಲಜಾರನ ಈ ಹಟ ನಮಗೂ ಗೊತ್ತು. ಗೋವಾ ಬಿಡಲು ಒಪ್ಪದೆ 1961ರ ಡಿಸೆಂಬರ್‌ವರೆಗೂ ಜಗ್ಗಿದ ಆಳ್ವಿಕೆ ಅದೇ. ಪೋರ್ಚುಗೀಸ್ ವಸಾಹತುಗಳ ವಿಮೋಚನಾ ಸಂಘಟನೆಗಳು ಅದೇ ವರ್ಷ ಕಾಸಾಬ್ಲಾಂಕಾದಲ್ಲಿ ಒಕ್ಕೂಟ ಕಟ್ಟಿಕೊಂಡಾಗ ಅದರಲ್ಲಿ ಕಬ್ರಾಲನ ಜೊತೆ ಗೋವೆಯವರಾದ ಅಕಿನೊ ದ ಬ್ರಗಾನ್ಸ ಕೂಡ ಇದ್ದರು.

1963ರ ಜನವರಿ 23ರಂದು ದಕ್ಷಿಣದ ಟಿಟೆ ಸೇನಾ ಶಿಬಿರದ ಮೇಲಿನ ದಾಳಿಯೊಂದಿಗೆ ಯುದ್ಧ ಶುರುವಾಯಿತು. ಹಾಡು ಹುಟ್ಟಿದ್ದು ಅದೇ ವರ್ಷ. ಗಿನಿಯ ನಿಯೋಗವೊಂದು ಚೀನಾಕ್ಕೆ ಹೋಗಿತ್ತು. ಅಲ್ಲಿ ಶ್ಯಾವೋ ಹೆ ಎಂಬ ಸಂಗೀತಗಾರನ ರಚನೆ ಕೇಳಿ ಕಬ್ರಾಲ್ ಮನಸೋತ. ನಮ್ಮ ಜನರಿಗೂ ಹುರುಪು ತುಂಬುವ ಇಂಥದೇ ಒಂದು ಸಂಗೀತ ಮಾಡಿಕೊಡಿ ಎಂದು ಆತನನ್ನೇ ಕೇಳಿದ. ಹಾಗೆ ಆಫ್ರಿಕಾದ ದೇಶವೊಂದರ ಗೀತೆಗೆ ಚೀನೀ ಸಂಗೀತಗಾರ ರಾಗ ಹಾಕಿದ, ಮಾತು ಪೋರ್ಚುಗೀಸಿನದಾಯಿತು. ಬಂದೂಕು, ಔಷಧ, ತರಬೇತಿ ಕೂಡ ಆಗ ಹೊರದೇಶಗಳಿಂದಲೇ ಬರುತ್ತಿದ್ದವು. ರಾಗವೂ ಹಾಗೇ ಬಂದ ಒಂದು ನೆರವು.

ಮಾತು ಪೋರ್ಚುಗೀಸಿನದೇ ಯಾಕೆ ಎಂಬ ಪ್ರಶ್ನೆ ಕನ್ನಡಿಗರಿಗೆ ಸಹಜವಾಗಿ ಏಳುತ್ತದೆ. ಗಿನಿ-ಬಿಸಾವ್‌ನಲ್ಲಿ ಸಂತೆ, ಬಸ್ಸು, ಮನೆಯಂಗಳದಲ್ಲಿ ಎಲ್ಲರನ್ನೂ ಬೆಸೆಯುವ ಮಾತು ಕ್ರಿಯೋಲ್. ಪೋರ್ಚುಗೀಸ್ ಪದಗಳನ್ನು ಆಫ್ರಿಕನ್ ಭಾಷೆಗಳ ಎರಕದಲ್ಲಿ ಹೊಯ್ದು ಮೂಡಿದ ಭಾಷೆ ಅದು. ಗೆರಿಲ್ಲಾ ಪಡೆಗಳಲ್ಲಿ ಬೇರೆ ಬೇರೆ ಸಮುದಾಯದ ಯುವಕರು ಒಟ್ಟಿಗೆ ಇದ್ದುದರಿಂದ ಯುದ್ಧದ ಕಾಲದಲ್ಲೇ ಅದು ದೇಶವಿಡೀ ಹಬ್ಬಿತು. ಹಾಗಿದ್ದೂ ಕಬ್ರಾಲ್ ಪೋರ್ಚುಗೀಸನ್ನು ಬಿಡಲಿಲ್ಲ. ‘ತುಗಾ’ಗಳು, ಅಂದರೆ ಪೋರ್ಚುಗೀಸರು, ನಮಗೆ ಬಿಟ್ಟುಹೋದ ಒಳ್ಳೆಯ ವಸ್ತುಗಳಲ್ಲಿ ಅವರ ಭಾಷೆಯೂ ಒಂದು, ಅದು ಬರಿಯ ಉಪಕರಣ, ಬಳಸಿಕೊಳ್ಳೋಣ ಎಂದು 1969ರಲ್ಲಿ ಕಾರ್ಯಕರ್ತರಿಗೆ ಹೇಳಿದ್ದ. ಅವನ ತರ್ಕ ನನಗೆ ಅರ್ಥವಾಗುತ್ತದೆ, ಪೂರ್ತಿ ಒಪ್ಪಲು ಮನಸ್ಸು ಬಾರದು. ರಾಷ್ಟ್ರಗೀತೆ ಇಂದಿಗೂ ದೇಶದ ಬಹುಪಾಲು ಜನ ಮನೆಯಲ್ಲಿ ಆಡದ ಭಾಷೆಯಲ್ಲಿದೆ. ಹೃದಯದ ಹಾಡುಗಳು ಕ್ರಿಯೋಲಿನಲ್ಲಿ ಬಂದವು. ಜೋಸೆ ಕಾರ್ಲೋಸ್ ಶ್ವಾರ್ಜ್ ಎಂಬ ಗಾಯಕ ಅದೇ ಭಾಷೆಯಲ್ಲಿ ಹಾಡು ಕಟ್ಟಿ, ಅದಕ್ಕಾಗಿ ಪೋರ್ಚುಗೀಸರ ಸೆರೆಮನೆಯನ್ನೂ ಕಂಡ. 1977ರಲ್ಲಿ ಹವಾನಾ ಬಳಿಯ ವಿಮಾನ ಅಪಘಾತದಲ್ಲಿ ಸತ್ತಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ.

ಯುದ್ಧ ಹನ್ನೊಂದು ವರ್ಷ ನಡೆಯಿತು. ಬಿಡುಗಡೆಯಾದ ಪ್ರದೇಶಗಳಲ್ಲಿ ಪಕ್ಷ ಶಾಲೆ ತೆರೆಯಿತು, ಆಸ್ಪತ್ರೆ ನಡೆಸಿತು, ‘ಜನರ ಮಳಿಗೆ’ಗಳನ್ನು ಇಟ್ಟಿತು. ಹಳ್ಳಿಯವರು ಅಕ್ಕಿ ತಂದು ಕೊಟ್ಟು ಬಟ್ಟೆ, ಸಾಬೂನು ಒಯ್ಯುತ್ತಿದ್ದರು. ಜನ ಹೋರಾಡುವುದು ಯಾರದೋ ತಲೆಯಲ್ಲಿರುವ ವಿಚಾರಕ್ಕಲ್ಲ, ಚೆನ್ನಾಗಿ ಬದುಕುವುದಕ್ಕೆ, ಮಕ್ಕಳ ನಾಳೆಗೆ ಎಂದು ಕಬ್ರಾಲ್ ಕಾರ್ಯಕರ್ತರಿಗೆ ನೆನಪಿಸುತ್ತಿದ್ದ. ಸುಳ್ಳು ಹೇಳಬೇಡಿ, ಸುಲಭದ ಗೆಲುವುಗಳನ್ನು ಕೊಚ್ಚಿಕೊಳ್ಳಬೇಡಿ ಎಂಬ ಅವನ ಮಾತನ್ನು ಆಫ್ರಿಕಾ ಇಂದಿಗೂ ನೆನೆಯುತ್ತದೆ.

1973ರ ಜನವರಿ 20ರ ರಾತ್ರಿ ಕೊನಾಕ್ರಿಯಲ್ಲಿ, ತನ್ನ ಮನೆಯೆದುರೇ, ಹೆಂಡತಿಯ ಕಣ್ಣ ಮುಂದೆ ಕಬ್ರಾಲ್ ಕೊಲೆಯಾದ. ಕೊಂದವರು ಅವನದೇ ಪಕ್ಷದವರು. ಪಕ್ಷದ ಮೇಲಿನ ಸ್ಥಾನಗಳಲ್ಲೆಲ್ಲ ಕೇಪ್ ವರ್ಡ್ ಮೂಲದವರೇ ಇದ್ದಾರೆ, ಕಾಡಿನಲ್ಲಿ ಸಾಯುವವರು ಗಿನಿಯವರು ಎಂಬ ಅಸಮಾಧಾನ ಒಳಗೊಳಗೇ ಹೊಗೆಯಾಡುತ್ತಿತ್ತು. ಇದಕ್ಕೆ ಹಳೆಯ ಬೇರಿತ್ತು. ಪೋರ್ಚುಗೀಸರು ಗಿನಿಯನ್ನು ಆಳಲು ಗುಮಾಸ್ತರಾಗಿ, ಸಣ್ಣ ಅಧಿಕಾರಿಗಳಾಗಿ ಕರೆತಂದದ್ದು ಕೇಪ್ ವರ್ಡ್‌ನ ಓದಿದವರನ್ನು. ತೆರಿಗೆ ಕೇಳಲು ಬಂದವನ ಮುಖ ಹಳ್ಳಿಯವನಿಗೆ ಮರೆಯುವುದಿಲ್ಲ. ಕಬ್ರಾಲ್ ತನ್ನ ಹಾಡಿನಲ್ಲಿ ಒಂದೇ ಬೊಡ್ಡೆ ಎಂದು ಒತ್ತಿ ಹೇಳಿದ್ದರ ಹಿಂದೆ ಈ ಬಿರುಕಿನ ಅರಿವು ಇದ್ದೇ ಇತ್ತು.

ಎಂಟು ತಿಂಗಳ ಬಳಿಕ, 1973ರ ಸೆಪ್ಟೆಂಬರ್ 24ರಂದು, ಬೊಎ ಪ್ರದೇಶದ ಕಾಡಿನಲ್ಲಿ ಪಕ್ಷ ಸ್ವಾತಂತ್ರ್ಯ ಘೋಷಿಸಿತು. ರಾಜಧಾನಿ ಇನ್ನೂ ಪೋರ್ಚುಗೀಸರ ಕೈಯಲ್ಲೇ ಇತ್ತು. ಆದರೂ ನವೆಂಬರ್ ಹೊತ್ತಿಗೆ ವಿಶ್ವಸಂಸ್ಥೆಯ ಮಹಾಸಭೆ ಈ ಸ್ವಾತಂತ್ರ್ಯವನ್ನು ಸ್ವಾಗತಿಸಿತು. 1974ರ ಏಪ್ರಿಲ್ 25ರಂದು ಲಿಸ್ಬನ್‌ನಲ್ಲಿ ಸೇನಾಧಿಕಾರಿಗಳು ಸರ್ವಾಧಿಕಾರವನ್ನು ಉರುಳಿಸಿದರು. ಅವರಲ್ಲಿ ಹಲವರು ಗಿನಿಯ ಯುದ್ಧದಿಂದ ಬೇಸತ್ತು ಬಂದವರು. ಸೆಪ್ಟೆಂಬರ್ 10ರಂದು ಪೋರ್ಚುಗಲ್ ಗಿನಿ-ಬಿಸಾವ್ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಅಮಿಲ್ಕಾರನ ತಮ್ಮ ಲೂಯಿಸ್ ಕಬ್ರಾಲ್ ಮೊದಲ ಅಧ್ಯಕ್ಷ. 1975ರ ಜುಲೈ 5ರಂದು ಕೇಪ್ ವರ್ಡ್ ಕೂಡ ಸ್ವತಂತ್ರವಾಯಿತು. ಎರಡು ಸರ್ಕಾರ, ಒಂದು ಪಕ್ಷ, ಒಂದು ಹಾಡು. ಬಾವುಟಗಳೂ ಒಂದೇ ಅಚ್ಚಿನವು: ಕೆಂಪು, ಹಳದಿ, ಹಸಿರು, ಮೇಲೊಂದು ಕಪ್ಪು ನಕ್ಷತ್ರ. ಮುಂದೆ ಎರಡೂ ಕೂಡಿ ಒಂದೇ ದೇಶವಾಗುವುದು ಎಂಬುದು ಯೋಜನೆ.

ಅದು ಕೈಗೂಡಲಿಲ್ಲ. 1980ರ ನವೆಂಬರ್ 14ರಂದು ಯುದ್ಧದ ಹೆಸರಾಂತ ದಂಡನಾಯಕ, ‘ನಿನೊ’ ಎಂದೇ ಕರೆಸಿಕೊಳ್ಳುತ್ತಿದ್ದ ಜೊವಾವ್ ಬೆರ್ನಾರ್ದು ವಿಯೆರಾ, ಲೂಯಿಸ್ ಕಬ್ರಾಲನನ್ನು ಕೆಳಗಿಳಿಸಿದ. ಕೇಪ್ ವರ್ಡ್‌ನವರು 1981ರಲ್ಲಿ ತಮ್ಮದೇ ಪಕ್ಷ ಮಾಡಿಕೊಂಡರು. ಹಾಡು ಮಾತ್ರ ಹಾಗೇ ಉಳಿಯಿತು, ಇನ್ನೂ ಹದಿನೈದು ವರ್ಷ. ಒಗ್ಗಟ್ಟೇ ನಮ್ಮ ಬಲ ಎಂದು ಎರಡೂ ಕಡೆಯ ಮಕ್ಕಳು ಶಾಲೆಯಲ್ಲಿ ಹಾಡುತ್ತಿದ್ದ ಆ ವರ್ಷಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಬಹುಪಕ್ಷ ಪದ್ಧತಿ ಬಂದ ಮೇಲೆ ಕೇಪ್ ವರ್ಡ್ 1992ರಲ್ಲಿ ಹತ್ತು ನಕ್ಷತ್ರಗಳ ನೀಲಿ ಬಾವುಟ ಹಾರಿಸಿತು, 1996ರಲ್ಲಿ ‘ಸ್ವಾತಂತ್ರ್ಯದ ಗೀತೆ’ ಎಂಬ ಹೊಸ ರಾಷ್ಟ್ರಗೀತೆ ಹಾಡಿತು. ಹೊಸ ಗೀತೆ ಬರೆದವರ ಹೆಸರೂ ಅಮಿಲ್ಕಾರ್ ಎಂದೇ, ಅಮಿಲ್ಕಾರ್ ಸ್ಪೆನ್ಸರ್ ಲೋಪೆಸ್.

ಹಳೆಯ ಹಾಡು ಉಳಿದ ದೇಶದಲ್ಲಿ ‘ಶಾಂತಿ, ಪ್ರಗತಿ ಕಟ್ಟುವೆವು’ ಎಂಬ ಪಲ್ಲವಿಯ ಕೊನೆಯ ಸಾಲು ಇನ್ನೂ ಸಾಲದಂತೆ ಹೆಗಲ ಮೇಲಿದೆ. 1998-99ರಲ್ಲಿ ಅಂತರ್ಯುದ್ಧ. 2009ರಲ್ಲಿ ಅಧ್ಯಕ್ಷ ವಿಯೆರಾನನ್ನು ಸೈನಿಕರು ಕೊಂದರು. 2012ರಲ್ಲಿ ಮತ್ತೆ ಸೇನಾ ದಂಗೆ. ಸ್ವಾತಂತ್ರ್ಯ ಬಂದಾಗಿನಿಂದ ಚುನಾಯಿತ ಅಧ್ಯಕ್ಷನೊಬ್ಬ ಐದು ವರ್ಷದ ಅವಧಿ ಪೂರೈಸಿದ್ದು ಮೊದಲ ಬಾರಿಗೆ 2019ರಲ್ಲಿ, ಜೋಸೆ ಮಾರಿಯೊ ವಾಜ್. 2025ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯ ಫಲಿತಾಂಶ ಹೊರಬೀಳುವ ಮುನ್ನವೇ ಸೈನ್ಯ ಮತ್ತೆ ಅಧಿಕಾರ ಹಿಡಿಯಿತು. ಕಬ್ರಾಲನ ಸಮಾಧಿ ಇರುವುದೂ ಸೈನ್ಯದ ನೆಲೆಯಾಗಿರುವ ಬಿಸಾವ್‌ನ ಅಮುರಾ ಕೋಟೆಯೊಳಗೆ.

ಹಾಡಿನ ‘ನಮ್ಮ ಕೈಗಳ ಫಲ’ಕ್ಕೆ ಇಂದು ಅಲ್ಲಿ ಒಂದೇ ಹೆಸರು: ಕಾಜು, ನಮ್ಮ ಗೇರು. ಬ್ರೆಜಿಲ್ ಮೂಲದ ಈ ಮರವನ್ನು ಪೋರ್ಚುಗೀಸರು ಗೋವೆಗೆ ತಂದಂತೆ ಆಫ್ರಿಕಾಕ್ಕೂ ಒಯ್ದಿದ್ದರು. ಕಬ್ರಾಲ್ ಎಚ್ಚರಿಸಿದ ಕಡಲೆಕಾಯಿಯ ಜಾಗಕ್ಕೆ ಈಗ ಅದು ಬಂದಿದೆ. ದೇಶದ ರಫ್ತಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಗೇರುಬೀಜದ್ದೇ, ಅದೂ ಬಹುಪಾಲು ಸಿಪ್ಪೆ ಸುಲಿಯದ ಕಚ್ಚಾ ಬೀಜ. ಮಾರ್ಚ್ ಕೊನೆಯಿಂದ ಜೂನ್‌ವರೆಗೆ ಹಳ್ಳಿಗೆ ಹಳ್ಳಿಯೇ ಗೇರುತೋಪಿನಲ್ಲಿರುತ್ತದೆ. ಹೆಂಗಸರು, ಮಕ್ಕಳು ಉದುರಿದ ಹಣ್ಣನ್ನು ಹೆಕ್ಕಿ, ಬೀಜ ತಿರುಚಿ ಬೇರೆ ಮಾಡಿ, ಹಣ್ಣನ್ನು ಹಿಂಡಿ ರಸ ತೆಗೆಯುತ್ತಾರೆ. ರಸ ಹುಳಿ ಬಂದು ಕಾಜುವಿನ ಹೆಂಡವಾಗುತ್ತದೆ. ಬೀಜ ಕೊಟ್ಟು ಅಕ್ಕಿ ಕೊಳ್ಳುತ್ತಾರೆ. ಬೀಜದ ಬೆಲೆ ಬಿದ್ದ ವರ್ಷ ಅದೇ ಒಂದು ಚೀಲ ಅಕ್ಕಿಗೆ ಹೆಚ್ಚು ಬೀಜ ಸುರಿಯಬೇಕು. ಗೇರಿನ ದುಡ್ಡಿನ ಆಸೆಗೆ ಬೊಲಾನ್ಯದ ಒಡ್ಡು ಕಟ್ಟುವ ಕೈಗಳೂ ಕಡಿಮೆಯಾಗಿವೆ.

ಆ ಬೀಜ ಹಡಗು ಹತ್ತಿ ಬರುವುದು ವಿಯೆಟ್ನಾಮಿಗೆ ಮತ್ತು ಭಾರತಕ್ಕೆ. ನಮ್ಮ ಕರಾವಳಿಯ ಗೇರುಬೀಜದ ಫ್ಯಾಕ್ಟರಿಗಳಿಗೆ ಊರಿನ ಬೀಜ ಸಾಲುವುದಿಲ್ಲ, ವರ್ಷದ ಬಹುಪಾಲು ಅವು ನಡೆಯುವುದು ಮಂಗಳೂರು ಬಂದರಿಗೆ ಬಂದಿಳಿಯುವ ಆಫ್ರಿಕಾದ ಬೀಜದಿಂದ. ವ್ಯಾಪಾರಿಗಳು ಬೀಜದ ಗುಣವನ್ನು ‘ಔಟ್‌ಟರ್ನ್’ ಲೆಕ್ಕದಲ್ಲಿ ಅಳೆಯುತ್ತಾರೆ: 80 ಕಿಲೋ ಕಚ್ಚಾ ಬೀಜದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬ ಲೆಕ್ಕ ಅದು. ಹಿಡಿಯಷ್ಟು ಬೀಜ ಕತ್ತರಿಸಿ, ತೂಗಿ, ಲೆಕ್ಕ ಹಾಕುತ್ತಾರೆ. ಬಿಸಾವ್‌ನ ಒಳ್ಳೆಯ ಮಾಲು 50 ಪೌಂಡು ದಾಟುತ್ತದೆ. ಪಶ್ಚಿಮ ಆಫ್ರಿಕಾದ ಬೀಜಗಳಲ್ಲಿ ಅದಕ್ಕೆ ಮೇಲಿನ ಬೆಲೆ.